ತಿದ್ದುಪಡಿಯಲ್ಲಿ ಬಂದ ಹೆಸರು

ಪುಷ್ಯ ಮಾಸ, ಬುಧವಾರ, ಬೆಳಗಿನ ಹತ್ತರ ಹೊತ್ತು. ಶಿರಸಿಯ ಚಳಿ ಇನ್ನೂ ಅಂಗಳ ಬಿಟ್ಟು ಎದ್ದಿರಲಿಲ್ಲ. ಗಿರಿಜವ್ವ ಬಿಸಿಲು ಬಿದ್ದ ಕಡೆಗೆ ಕುರ್ಚಿ ಎಳೆದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಆ ಫೋಟೋವನ್ನು ಮೂಗಿನ ಹತ್ತಿರ ಹಿಡಿದಿದ್ದರು.

"ಇದನ್ನ ತಗದಾಂವ ಹೊರಗಿನಾಂವ ಅಲ್ರಿ, ಕೆರಿಯಣ್ಣ," ಅಂದರು.

ನಾನು ಚಹಾದ ಲೋಟ ಕೆಳಗಿಟ್ಟೆ.

ಗಿರಿಜವ್ವ ಬನವಾಸಿ ಕಡೆಯವರು. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾಗಿ ಈಗ ಶಿರಸಿಯಲ್ಲಿದ್ದಾರೆ. ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುವವರು ಇವರ ಅಂಗಳಕ್ಕೆ ಬರುತ್ತಾರೆ. ನಾನು ಬಂದದ್ದು ತೀರಿಹೋದ ನನ್ನ ತಮ್ಮನ ಮಗಳು ರೋಹಿಣಿಯ ಸಲುವಾಗಿ. ಅವಳು ಬರೆದ ಲೇಖನದ ಮೇಲೆ 'ಸಂಜಯ' ಎಂಬ ಸುಳ್ಳು ಹೆಸರಿನಲ್ಲಿ ಯಾರೋ ದೂರು ಕಳಿಸಿದ್ದರು. ಆ ಸಂಜಯನನ್ನು ನಾವು ಹುಡುಕುತ್ತಿದ್ದೆವು.

ಲೇಖನ ನಮ್ಮ ಭತ್ತದ ಬಗ್ಗೆ. ನೆರೆ ನೀರಿನಲ್ಲಿ ಮುಳುಗಿದರೂ ಸಾಯದ ಹಳೆಯ ತಳಿ ಅದು. ಕೋಲಸಿರ್ಸಿ, ಹುಲಗೋಳ, ಬಿಳಗಿ ಹೀಗೆ ಮೂರು ಊರಲ್ಲಿ ಒಂದೊಂದು ಗದ್ದೆ ಹಿಡಿದು, ನೀರು ಇಳಿದ ಮೇಲೆ ಬದುಕಿದ ಸಸಿಗಳನ್ನು ಎಣಿಸಿ ರೋಹಿಣಿ ಬರೆದಿದ್ದಳು. ಕೋಲಸಿರ್ಸಿಯ ಗದ್ದೆ ನನ್ನ ಅಕ್ಕ ದುರ್ಗಮ್ಮನದು. ತಂದೆ ಹೋದ ಮೇಲೆ ರೋಹಿಣಿಯನ್ನು ಸಾಕಿದವಳೂ ಅವಳೇ. ಪರದೇಶದ ಪತ್ರಿಕೆಯಲ್ಲಿ ಲೇಖನ ಅಚ್ಚಾದ ದಿನ, ಅಕ್ಷರ ಬಾರದ ನನ್ನ ಅಕ್ಕ ಆ ಹಾಳೆಗಳಿಗೆ ಅರಿಶಿನ ಕುಂಕುಮ ಇಟ್ಟಿದ್ದಳು.

ಈಗ ಅದೇ ಲೇಖನದ ನೆತ್ತಿಯ ಮೇಲೆ ಪತ್ರಿಕೆಯವರು ಎಚ್ಚರಿಕೆಯ ಸಾಲು ಹಾಕಿದ್ದರು. ಈ ಬರಹದ ಬಗ್ಗೆ ಅನುಮಾನ ಬಂದಿದೆ, ವಿಚಾರಣೆ ನಡೆಯುತ್ತಿದೆ ಎಂದು.

ಮುಂದೆ ಎರಡು ದಾರಿ ಇದೆ ಎಂದು ರೋಹಿಣಿ ನನ್ನನ್ನು ಕೂರಿಸಿ ಬಿಡಿಸಿ ಹೇಳಿದ್ದಳು. ಗೊತ್ತಿಲ್ಲದೆ ಆದ ತಪ್ಪಾದರೆ ಲೇಖನಕ್ಕೆ ತಿದ್ದುಪಡಿ ಹಾಕುತ್ತಾರೆ. ಬರೆದವರ ಮಾನ ಉಳಿಯುತ್ತದೆ. ಗೊತ್ತಿದ್ದೂ ಮಾಡಿದ್ದಾದರೆ ಲೇಖನವನ್ನೇ ವಾಪಸು ಪಡೆಯುತ್ತಾರೆ.

ವಾಪಸು ಎಂದರೆ ಹರಿದು ಒಲೆಗೆ ಹಾಕುವುದು ಅಂದುಕೊಂಡಿದ್ದೆ. ಹಾಗಲ್ಲವಂತೆ. ಲೇಖನ ಇದ್ದಲ್ಲೇ ಇರುತ್ತದೆ. ಪ್ರತಿ ಪುಟದ ಮೇಲೂ ಅಡ್ಡಡ್ಡ 'ಹಿಂದಕ್ಕೆ ಪಡೆಯಲಾಗಿದೆ' ಎಂದು ಬಿದ್ದಿರುತ್ತದೆ, ಬರೆದವರ ಹೆಸರಿನ ಸಮೇತ. ಯಾವ ಕಾಲಕ್ಕೆ ಯಾರು ಹುಡುಕಿದರೂ ಸಿಗುತ್ತದೆ. ಅದು ಬಿದ್ದರೆ ರೋಹಿಣಿಯ ಡಾಕ್ಟರೇಟೂ ಇಲ್ಲ, ಸಿಗಲಿದ್ದ ಕೆಲಸವೂ ಇಲ್ಲ.

ತಪ್ಪು ಆದದ್ದು ನಿಜ. ಆದದ್ದು ಅಕ್ಕನ ಗದ್ದೆಯಲ್ಲೇ.

ನಮ್ಮ ಕೇರಿಯಲ್ಲಿ ನಾಟಿಗೆ ಕೂಲಿ ಇಲ್ಲ. ಈ ಮನೆಯ ಹೆಂಗಸರು ಆ ಮನೆಯ ಗದ್ದೆಗೆ ಮುಯ್ಯಾಳಾಗಿ ಹೋಗುತ್ತಾರೆ, ಅವರು ಇವರ ಗದ್ದೆಗೆ ಬರುತ್ತಾರೆ. ನೆರೆ ಇಳಿದ ಮೇಲೆ ಗದ್ದೆಯಲ್ಲಿ ಬೋಳು ಜಾಗ ಕಂಡರೆ ನೆಟ್ಟವರ ಕೈಗೆ ಅವಮಾನ. ಹಾಗಾಗಿ ಮಿಕ್ಕ ಸಸಿ ತಂದು, ಯಾರೂ ಕರೆಯದೆ, ಯಾರಿಗೂ ಹೇಳದೆ ತುಂಬಿಸಿಬಿಡುತ್ತಾರೆ. ಬಾಯಿಬಿಟ್ಟರೆ ಉಪಕಾರವನ್ನು ಎತ್ತಿ ಆಡಿದ ಹಾಗೆ. ನಮ್ಮವ್ವನ ಕಾಲದಲ್ಲೂ ಹೀಗೇ ಇತ್ತು.

ಆ ಮಳೆಗಾಲದಲ್ಲಿ ಹಳ್ಳ ಉಕ್ಕಿದಾಗ ರೋಹಿಣಿ ಜ್ವರ ಹಿಡಿದು ಶಿರಸಿಯ ಹಾಸ್ಟೆಲಿನಲ್ಲಿ ಮಲಗಿದ್ದಳು. ನೀರು ಇಳಿದು ನೋಡಿದರೆ, ಅವಳು ಕೆಂಪು ಗೂಟ ಹುಗಿದು ಗುರುತು ಮಾಡಿದ್ದ ಪಾಲು ಅರ್ಧಕ್ಕರ್ಧ ಸತ್ತಿತ್ತು. ಹುಡುಗಿ ಬಂದು ನೋಡಿ ಅಳುವುದು ಬೇಡವೆಂದು ಅಕ್ಕ ಮುಯ್ಯಾಳಿನವರನ್ನು ಕಟ್ಟಿಕೊಂಡು ಅದನ್ನು ತುಂಬಿಸಿದಳು. ಹುಡುಗಿ ಬಂದಳು, ಎಣಿಸಿದಳು, ಬಹುಪಾಲು ಬದುಕಿದೆ ಎಂದು ಬರೆದಳು.

ಇದೆಲ್ಲ ನನಗೂ ಗೊತ್ತಾದದ್ದು ದೂರು ಬಂದ ಮೇಲೆಯೇ. ಹೊರಗೆ ಹೇಳಲು ಅಕ್ಕ ಸುತರಾಂ ಒಪ್ಪಿರಲಿಲ್ಲ. ಒಪ್ಪಿಸಿದವನು ನಾನು. ನಿನ್ನ ಮಾತೊಂದೇ ಹುಡುಗಿಯನ್ನು ಉಳಿಸುವುದು ಅಂದೆ. ಹಿಂದಿನ ವಾರ ಅವಳು ಜಗುಲಿಯಲ್ಲಿ ಕೂತು ರೋಹಿಣಿ ಹಿಡಿದ ಫೋನಿನ ಎದುರು ಎಲ್ಲವನ್ನೂ ಹೇಳಿದಳು. ನಾವೇ ನೆಟ್ಟದ್ದು, ಹುಡುಗಿಗೆ ಹೇಳಲಿಲ್ಲ, ಅವಳದ್ದು ಏನೂ ತಪ್ಪಿಲ್ಲ. ಆ ವಿಡಿಯೋ ಪತ್ರಿಕೆಗೆ ಹೋಗಿತ್ತು. ಉತ್ತರ ಕಾಯುತ್ತಿದ್ದೆವು.

ಸಂಜಯ ತನ್ನ ದೂರಿನ ಜೊತೆ ಕಳಿಸಿದ ಫೋಟೋ ಈಗ ಗಿರಿಜವ್ವನ ಕೈಯಲ್ಲಿತ್ತು. ಕೆಂಪು ಗೂಟಗಳ ನಡುವೆ ಹೆಂಗಸರು ಸಸಿಯ ಕಟ್ಟು ಹಿಡಿದು ಬಾಗಿದ್ದರು. ಅಕ್ಕ ಮಾತ್ರ ತಲೆಯೆತ್ತಿ ಫೋಟೋ ತೆಗೆಯುವವನ ಕಡೆ ನೋಡಿದ್ದಳು.

ನನ್ನ ಅನುಮಾನ ಇದ್ದದ್ದು ಚನ್ನಬಸವ ಸರ್ ಮೇಲೆ. ರೋಹಿಣಿಯ ಗುರು, ಲೇಖನದಲ್ಲಿ ಅವಳ ಪಕ್ಕದಲ್ಲಿ ಹೆಸರು ಹಾಕಿಸಿಕೊಂಡವರು. ಹಿಂದಿನ ದಿನ ನಾವು ಹೋದಾಗ ಕುರ್ಚಿಯಿಂದ ಏಳದೆಯೇ ಮಾತಾಡಿದ್ದರು. ಗದ್ದೆಯಲ್ಲಿ ನಡೆದದ್ದು ತನಗೇನೂ ತಿಳಿಯದು, ಹಾಗೆಂದೇ ಪತ್ರಿಕೆಗೂ ಬರೆದಿದ್ದೇನೆ, ದೂರು ಬಂದ ದಿನದಿಂದ ಆ ಹುಡುಗಿಯ ಫೋನನ್ನೂ ಎತ್ತುತ್ತಿಲ್ಲ ಅಂದಿದ್ದರು. ತನ್ನ ಚರ್ಮ ಉಳಿಸಿಕೊಳ್ಳಲು ದೂರನ್ನೂ ಅವರೇ ಬರೆಸಿರಬಹುದು ಎಂದು ನನ್ನ ಲೆಕ್ಕ.

ಇನ್ನೊಬ್ಬ ಹುಲಗೋಳದ ಸೋಮ. ಅವನ ಗದ್ದೆಯೂ ಪರೀಕ್ಷೆಯಲ್ಲಿತ್ತು. ಲೇಖನದಲ್ಲಿ ಅವನ ಮಣ್ಣು ಸಪ್ಪೆ ಎಂದು ಬರೆದದ್ದಕ್ಕೆ ಊರೆಲ್ಲ ಬೈದುಕೊಂಡು ತಿರುಗಿದ್ದ.

ಗಿರಿಜವ್ವ ಇಬ್ಬರನ್ನೂ ತಳ್ಳಿಹಾಕಿದರು. ಫೋಟೋವನ್ನು ನನ್ನ ಕಡೆ ತಿರುಗಿಸಿ, ಅಕ್ಕನ ಮುಖದ ಮೇಲೆ ಬೆರಳಿಟ್ಟರು.

"ನಿಮ್ಮ ಅಕ್ಕ ನನ್ನ ಮುಂದ ನಕ್ಕಾಗೆಲ್ಲ ಸೆರಗು ಬಾಯಿಗೆ ಹಿಡೀತಾರ. ಮುಂದಿನ ಹಲ್ಲು ಇಲ್ಲ ಅಂತ ನಾಚಿಕಿ. ಇಲ್ಲಿ ನೋಡ್ರಿ."

ಫೋಟೋದಲ್ಲಿ ಅಕ್ಕ ಬಾಯಿತುಂಬ ನಗುತ್ತಿದ್ದಳು. ಸೆರಗು ಸೊಂಟದಲ್ಲಿತ್ತು. ಕೈ ಕೆಸರಿನಲ್ಲಿತ್ತು. ಹಲ್ಲಿಲ್ಲದ ಜಾಗ ಕತ್ತಲ ಕಿಂಡಿಯ ಹಾಗೆ ಕಾಣುತ್ತಿತ್ತು.

ಹೊರಗಿನ ಗಂಡಸು ಬದುವಿಗೆ ಬಂದು ಫೋನ್ ಹಿಡಿದರೆ ಹೆಂಗಸರು ನೆಡುವುದನ್ನೇ ನಿಲ್ಲಿಸುತ್ತಾರೆ. ಅದೂ ಗುಟ್ಟಾಗಿ ಮಾಡುವ ಕೆಲಸದಲ್ಲಿ. ಹಲ್ಲು ಮುಚ್ಚಿಕೊಳ್ಳಬೇಕು ಎಂದು ಅಕ್ಕನಿಗೆ ಅನ್ನಿಸದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ.

ನಾನು ಹೆಸರು ಹೇಳಲಿಲ್ಲ. ಗಿರಿಜವ್ವ ಕೇಳಲೂ ಇಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಮಾತ್ರ ಕೇಳಿದರು.

ಚಪ್ಪಲಿ ಮೆಟ್ಟುವಾಗ ಇನ್ನೊಂದು ಮಾತು ಕೇಳಿದರು. ಅಷ್ಟು ಓದಿದ ಹುಡುಗಿಗೆ ಹಳೆಯ ಸಸಿ ಯಾವುದು, ಹೊಸದಾಗಿ ನೆಟ್ಟದ್ದು ಯಾವುದು ಎಂದು ತಿಳಿಯಲಿಲ್ಲವೇ? ಜ್ವರದಿಂದ ಎದ್ದು ಬಂದಿದ್ದಳಲ್ಲ ಅಂದೆ ನಾನು. ಗಿರಿಜವ್ವ ಹೂಂ ಅಂದರು. ಆ ಹೂಂ ನನಗೆ ಹಿಡಿಸಲಿಲ್ಲ.

ಉಲ್ಲಾಸ ನನ್ನ ಅಕ್ಕನ ಒಬ್ಬನೇ ಮಗ. ರೋಹಿಣಿಗಿಂತ ಒಂದು ವರ್ಷಕ್ಕೆ ದೊಡ್ಡವನು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಕಂಬಳಿಯಲ್ಲಿ ಕಾಲು ಚಾಚಿ ಬೆಳೆದವರು. ಎರಡು ಮಳೆಗಾಲ ಅವಳ ಪರೀಕ್ಷೆಯ ಗದ್ದೆಗಳನ್ನು ಕಾಯ್ದವನೂ ಅವನೇ. ಆಮೇಲೆ ಏನೋ ಮುನಿಸಾಗಿ ಮನೆ ಬಿಟ್ಟು ಯಲ್ಲಾಪುರ ಸೇರಿದ್ದ. ಭತ್ತ ಒಕ್ಕುವ ಮಿಷನ್ ಓಡಿಸಿಕೊಂಡು ಊರೂರು ತಿರುಗುತ್ತಾನೆ ಎಂದು ಕೇಳಿದ್ದೆ.

ಯಲ್ಲಾಪುರದ ಆಚೆ ಒಂದು ಕಣದಲ್ಲಿ ಸಿಕ್ಕಿದ. ಮಧ್ಯಾಹ್ನದ ಬಿಸಿಲು ನೆತ್ತಿಗೆ ಹತ್ತಿತ್ತು. ಮಿಷನ್ನಿನ ಗದ್ದಲದಲ್ಲಿ ಹೊಟ್ಟು ಹಾರಿ ಅವನ ಹುಬ್ಬೆಲ್ಲ ಬೆಳ್ಳಗಾಗಿತ್ತು. ನಮ್ಮನ್ನು ನೋಡಿ ಬೆಚ್ಚಲಿಲ್ಲ. ಮಿಷನ್ ನಿಲ್ಲಿಸಿ, ತಲೆಗೆ ಕಟ್ಟಿದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು, ಹುಲ್ಲಿನ ಬಣವೆಯ ನೆರಳಿಗೆ ಬಂದ.

"ಸಂಜಯ ಅಂದ್ರ ನೀನ ಏನಪಾ?" ಗಿರಿಜವ್ವ ಕೇಳಿದರು.

"ಹೌದು."

"ಬರೇ ಹೌದು?"

"ಮತ್ತೆಂತ ಹೇಳೂದು? ನೀವು ಪೊಲೀಸಿನವ್ರು. ಸುತ್ತು ಬಳಸಿ ಕೇಳ್ತೀರಿ ಅಂದ್ಕಂಡಿದ್ದೆ."

"ನಾ ನೆಟ್ಟಗ ಬಂದೇನಿ. ಸುತ್ತು ಹೊಡದದ್ದು ಬಸ್ಸು."

ಅವನು ಸ್ವಲ್ಪ ನಕ್ಕ. ನನಗೆ ನಗು ಬರಲಿಲ್ಲ. ನಿನ್ನ ಮನೆಯ ಅನ್ನ ಉಂಡು ಬೆಳೆದ ಹುಡುಗಿಯ ಮೇಲೆ ಬರೆದೆಯಲ್ಲೋ ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ಅವನ ಮೇಲೆ ನಾನು ದನಿ ಎತ್ತಿದ್ದು ಅದೇ ಮೊದಲು.

"ಎರಡು ಮಳೆಗಾಲ ಅವಳ ಸಂಗಡ ಕೆಸರಲ್ಲಿ ನಿಂತೆ, ಮಾವ. ಎಣಿಸಿದವ ನಾನು, ಅಳೆದವ ನಾನು. ಲೇಖನದಲ್ಲಿ ನನ್ನ ಹೆಸರೂ ಹಾಕ್ತೆ ಅಂದಿದ್ಲು. ಬಂದಾಗ ನೋಡಿದ್ರೆ ಕಡೇಲಿ ಒಂದು ಸಾಲು. ನೆರವಾದ ಸ್ಥಳೀಯರಿಗೆ ಕೃತಜ್ಞತೆ." ಟವೆಲನ್ನು ಹೆಗಲ ಮೇಲೆ ಒಗೆದುಕೊಂಡ. "ನಾ ಸ್ಥಳೀಯ."

"ಹೆಸರಿಗೋಸ್ಕರ ಬರೆದ್ಯಾ?"

"ಸಿಟ್ಟಿತ್ತು. ಇಲ್ಲ ಅಂಬೂದಿಲ್ಲ. ಆದ್ರೆ ಬರೆದದ್ದು ಅದಕ್ಕಲ್ಲ. ಅವಳಿಗೆ ಗೊತ್ತಿತ್ತು, ಮಾವ."

ಏನು ಗೊತ್ತಿತ್ತು ಎಂದು ಕೇಳಬೇಕಾದವನು ನಾನು. ಗಿರಿಜವ್ವ ಕೇಳಿದರು.

ಗದ್ದೆ ತುಂಬಿಸಿದ್ದನ್ನು ಲೇಖನ ಕಳಿಸುವ ಮೊದಲೇ ತಾನು ರೋಹಿಣಿಗೆ ಹೇಳಿದ್ದೆ ಎಂದ. ಅವ್ವನ ಗುಟ್ಟು ಬಿಟ್ಟುಕೊಡುವುದು ತಪ್ಪೋ, ಅವಳ ಲೆಕ್ಕ ಕೆಡಲು ಬಿಡುವುದು ತಪ್ಪೋ ಎಂದು ನಾಕು ದಿನ ನಿದ್ದೆ ಇಲ್ಲದೆ ಹೊರಳಾಡಿ, ಕೊನೆಗೆ ಹೇಳಿದ್ದನಂತೆ. ಸಾಕ್ಷಿಗೆ ಅದೇ ಫೋಟೋವನ್ನೂ ಕಳಿಸಿದ್ದ. ಅದಕ್ಕೆ ಅವಳು ಧ್ವನಿಯಲ್ಲಿ ಉತ್ತರ ಕಳಿಸಿದ್ದಳು. ತನ್ನ ಹೆಸರು ಇದೆ ಎಂದು ದೂರಿನ ಜೊತೆ ಕಳಿಸದೆ ಇಟ್ಟುಕೊಂಡಿದ್ದ ಅದನ್ನು ಅವನು ಫೋನು ತೆಗೆದು ಹಾಕಿದ.

ರೋಹಿಣಿಯ ದನಿಯೇ. ನಾಕು ವರ್ಷದ ಕೂಸಾಗಿದ್ದಾಗಿನಿಂದ ಕೇಳಿದ ದನಿ.

"ನೀ ಹೇಳಿದ್ದನ್ನ ಸರ್ ಹತ್ರ ಹೇಳ್ದೆ, ಉಲ್ಲಾಸ. ಈಗ ಆ ಗದ್ದೆ ಬಿಟ್ಟರೆ ಲೇಖನಾನೇ ನಿಲ್ಲೂದಿಲ್ಲ ಅಂದ್ರು. ಅತ್ತೆ ಹ್ಯಾಂಗೂ ಯಾರ ಹತ್ರಾನೂ ಬಾಯಿ ಬಿಡೂದಿಲ್ಲ. ನೀನೂ ಸುಮ್ನಿರು."

ಕಣದಲ್ಲಿ ಕೆಲಸದವರು ಬೀಡಿ ಹಚ್ಚಿಕೊಂಡು ಏನೋ ಮಾತಾಡುತ್ತಿದ್ದರು. ಅವರ ಮಾತು ನನಗೆ ಕೇಳುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. ನಂಗೆ ಏನೂ ಗೊತ್ತಿರಲಿಲ್ಲ ದೊಡ್ಡಪ್ಪ ಎಂದು ಅದೇ ದನಿ ನನ್ನ ಮೊಣಕಾಲ ಮೇಲೆ ಕೈ ಇಟ್ಟು ಹೇಳಿತ್ತು. ಅದನ್ನು ನಂಬಿ ನಾನು ಅಕ್ಕನ ಬಾಯಿ ಬಿಡಿಸಿದ್ದೆ. ಅಕ್ಕ ಮಾತಾಡುವುದಿಲ್ಲ ಎಂದು ಗೊತ್ತಿದ್ದಾಗ ಆ ಮೌನವನ್ನು ಬಳಸಿಕೊಂಡಳು. ಮಾತು ಬೇಕಾದಾಗ ನನ್ನನ್ನು ಕಳಿಸಿ ಮಾತನ್ನೂ ಪಡೆದುಕೊಂಡಳು. ದೂರಿನ ಜೊತೆ ಆ ಫೋಟೋ ಕಂಡಾಗಲೇ ಸಂಜಯ ಯಾರೆಂದೂ ಅವಳಿಗೆ ತಿಳಿದಿರಬೇಕು.

"ಇನ್ನೂ ಉಂಟು," ಅಂದ ಉಲ್ಲಾಸ.

ದೂರು ಕೊಟ್ಟವರಿಗೂ ಪತ್ರಿಕೆಯವರು ಕೊನೆಗೆ ತೀರ್ಮಾನ ತಿಳಿಸುತ್ತಾರಂತೆ. ಆ ದಿನ ಬೆಳಿಗ್ಗೆ ಸಂಜಯನ ವಿಳಾಸಕ್ಕೆ ಸಂಪಾದಕರ ಮೇಲ್ ಬಂದಿತ್ತು. ಉಲ್ಲಾಸ ಅದನ್ನು ನಿಧಾನವಾಗಿ ಕನ್ನಡ ಮಾಡಿ ಓದಿದ. ಲೇಖನವನ್ನು ಹಿಂದಕ್ಕೆ ಪಡೆಯುವುದಿಲ್ಲ. ಬರುವ ಸೋಮವಾರ ತಿದ್ದುಪಡಿ ಹಾಕಲಾಗುವುದು. ಇಬ್ಬರೂ ಲೇಖಕರು ಒಟ್ಟಾಗಿ ಕೊಟ್ಟ ವಿವರಣೆಯನ್ನು ಒಪ್ಪಲಾಗಿದೆ.

"ಒಟ್ಟಾಗಿ?" ಗಿರಿಜವ್ವ ತಡೆದರು. "ಫೋನ್ ಎತ್ತೂದಿಲ್ಲ ಅಂದಿದ್ದ ಆ ಮಾಸ್ತರ. ಮುಂದ ಓದು."

ಉಲ್ಲಾಸ ನನ್ನ ಮುಖ ನೋಡಿದ. ಆಮೇಲೆ ಫೋನಿನ ಮೇಲೆ ಕಣ್ಣಿಟ್ಟು ಓದಿದ.

"ಗದ್ದೆಯ ಮಾಲೀಕಳಾದ ಕೋಲಸಿರ್ಸಿಯ ದುರ್ಗಮ್ಮ ಎಂಬವರು ಉದ್ದೇಶಪೂರ್ವಕವಾಗಿ ಸಸಿಗಳನ್ನು ಬದಲಿಸಿ, ಸಂಗತಿಯನ್ನು ಲೇಖಕರಿಂದ ಮುಚ್ಚಿಟ್ಟು ವಂಚಿಸಿರುತ್ತಾರೆ. ಅವರೇ ಒಪ್ಪಿಕೊಂಡ ವಿಡಿಯೋವನ್ನು ಲೇಖನದ ಜೊತೆ ಪ್ರಕಟಿಸಲಾಗುವುದು."

ಗಿರಿಜವ್ವ ಇನ್ನೊಮ್ಮೆ ಓದಿಸಿದರು. ಎರಡನೆಯ ಸಲವೂ ಅದೇ ಮಾತು ಬಂತು.

ಅಕ್ಕ ಜಗುಲಿಯಲ್ಲಿ ಕೂತು, ಫೋನಿನ ಎದುರು ಸೆರಗನ್ನು ಬಾಯಿಗೆ ಹಿಡಿದು, ನಾವೇ ನೆಟ್ಟದ್ದು ಅಂದಿದ್ದಳು. ಅಂದ ಮೇಲೆ, ಸರಿಯಾಗಿ ಹೇಳಿದೆನಾ ಎಂದು ನನ್ನ ಕಡೆ ತಿರುಗಿ ನೋಡಿದ್ದಳು. ನಾನು ಹೂಂ ಎಂದು ತಲೆಯಾಡಿಸಿದ್ದೆ.

ಗಿರಿಜವ್ವ ಹೊತ್ತು ಕಳೆಯಲಿಲ್ಲ. ಸೋಮವಾರದೊಳಗೆ ಆ ಧ್ವನಿ ಸಂಪಾದಕರಿಗೆ ಮುಟ್ಟಿದರೆ ತಿದ್ದುಪಡಿ ನಿಲ್ಲುತ್ತದೆ ಅಂದರು. ಆದರೆ ಸಂಜಯನ ಹೆಸರಲ್ಲಿ ನಡೆಯುವುದಿಲ್ಲ. ಉಲ್ಲಾಸನೇ ತನ್ನ ಸ್ವಂತ ಹೆಸರಿನಲ್ಲಿ ಕಳಿಸಬೇಕು. ತನಗೂ ಈಗಲೇ ಒಂದು ಪ್ರತಿ ಕಳಿಸು ಅಂದರು.

ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

"ಅವ್ವಂಗೆ ಮೊದ್ಲು ನಾನೇ ಹೇಳ್ತೆ. ದೂರು ಬರೆದವ ನಾನು ಅಂತ ಬೇರೆಯವರ ಬಾಯಲ್ಲಿ ಕೇಳಿದ್ರೆ ಅವಳು ತಡ್ಕಳೂದಿಲ್ಲ. ಶುಕ್ರವಾರ ಊರಿಗೆ ಬತ್ತೆ. ಅವಳ ಕಾಲ ಹತ್ರ ಕೂತು ಹೇಳಿ, ಅಲ್ಲಿಂದ್ಲೇ ಕಳಿಸ್ತೆ. ಎರಡು ದಿನ ಕೊಡಿ, ಮಾವ."

ಗಿರಿಜವ್ವ ಬೇಡ ಎನ್ನುವ ಹಾಗೆ ನನ್ನನ್ನು ನೋಡಿದರು. ಅವನ ಹುಬ್ಬಿನ ಮೇಲೆ ಹೊಟ್ಟು ಇನ್ನೂ ಇತ್ತು. ಕಣ್ಣು ತುಂಬಿತ್ತು. ಆಗಲಿ ಅಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಗಿರಿಜವ್ವ ನನ್ನನ್ನು ಬಿಟ್ಟು ಬೇರೆ ಸೀಟಿನಲ್ಲಿ ಕೂತರು. ಶಿರಸಿಯಲ್ಲಿ ಇಳಿಯುವಾಗ ಮಾತ್ರ, ನೀವು ಅವನ ಸೋದರಮಾವ, ನಾನು ಅಲ್ಲ ಅಂದರು.

ಶುಕ್ರವಾರ ಬೆಳಿಗ್ಗೆಯೇ ಇಬ್ಬರೂ ಶಿರಸಿಯಿಂದ ಹೊರಡೋಣ ಎಂದರೆ ಸಿದ್ದಾಪುರದ ಬಸ್ಸು ಕಾಯಿಸಿತು. ಕೋಲಸಿರ್ಸಿ ಮುಟ್ಟುವಾಗ ಬಿಸಿಲು ಏರಿತ್ತು. ಅಕ್ಕ ಅಂಗಳದಲ್ಲಿ ಬೇಯಿಸಿದ ಭತ್ತ ಹರಡಿ, ಕಾಲಿನಿಂದ ಸಾಲು ಹೊಡೆಯುತ್ತಿದ್ದಳು. ನಮ್ಮನ್ನು ಕಂಡವಳೇ ನಗುತ್ತ ಬಂದಳು. ಅಷ್ಟು ಹಗುರವಾಗಿ ಅವಳು ನಡೆದದ್ದನ್ನು ನೋಡಿ ವರ್ಷಗಳೇ ಆಗಿದ್ದವು.

"ಸ್ವಲ್ಪ ಮುಂಚೆ ಬಂದಿದ್ರೆ ಉಲ್ಲಾಸ ಸಿಕ್ತಿದ್ದ," ಅಂದಳು.

ಗಿರಿಜವ್ವ ಅಂಗಳದ ತುದಿಯಲ್ಲೇ ನಿಂತರು.

ಮಗ ಹೊತ್ತು ಮೂಡುವಾಗಲೇ ಬಂದಿದ್ದನಂತೆ. ಬಂದದ್ದು ಬಸ್ಸಿನಲ್ಲಲ್ಲ. ಚನ್ನಬಸವ ಸರ್ ಅವರ ಕಾರಿನಲ್ಲಿ, ರೋಹಿಣಿಯ ಜೊತೆ. ಹಿಂದಿನ ಸಂಜೆ ಅವನೇ ಅವಳಿಗೆ 'ಇರುವುದನ್ನೆಲ್ಲ ಎದುರಿಗೆ ಇಟ್ಟುಕೊಂಡು ಮಾತಾಡೋಣ' ಎಂದು ಫೋನು ಮಾಡಿದ್ದನಂತೆ. ಜಗಳ ಎಲ್ಲ ಮುಗಿಯಿತು ಎಂದು ಇಬ್ಬರೂ ಹೇಳಿದರು. ಸರ್ ಕೂಡ ಒಳಗೆ ಬಂದು ಮಣೆಯ ಮೇಲೆ ಕೂತು ರೊಟ್ಟಿ ತಿಂದರು. ಅಷ್ಟು ದೊಡ್ಡ ಮನುಷ್ಯ ಎಂದು, ಅವರು ತಿನ್ನುವಷ್ಟು ಹೊತ್ತೂ ಅಕ್ಕ ಅಡುಗೆಮನೆಯ ಬಾಗಿಲು ದಾಟಿರಲಿಲ್ಲ.

ಉಲ್ಲಾಸ ನಿನ್ನ ಹತ್ತಿರ ಏನಾದರೂ ಹೇಳಿದನೇ ಎಂದು ಕೇಳಿದೆ.

"ಹೇಳ್ದ. ಲೇಖನದಲ್ಲಿ ಅವನ ಹೆಸರೂ ಹಾಕ್ತಾರಂತೆ. ಸೋಮವಾರ ಅದೆಂತೋ ತಿದ್ದುಪಡಿ ಬತ್ತದಂತಲ್ಲ, ಅದ್ರಲ್ಲೇ. ರೋಹಿಣಿ ಹೆಸರಿನ ಪಕ್ಕಕ್ಕೆ." ಸೆರಗನ್ನು ಬಾಯಿಗೆ ಹಿಡಿದು ಗಿರಿಜವ್ವನ ಕಡೆ ನೋಡಿದಳು. "ನನ್ನ ಹೆಸರೂ ಉಂಟಂತೆ. ಗದ್ದೆ ಮಾಲೀಕಳು ಅಂತ. ನಂದೆಂತಕ್ಕೆ ಮಾರಾಯ್ತಿ ಅಂದೆ. ಇರ್ಲಿ ಅತ್ತೆ ಅಂದ್ಲು."

"ಉಲ್ಲಾಸ ಎಂತ ಅಂದ?"

"ಅವ ಎಂತ ಅಂತ? ತಲೆ ಬಗ್ಗಿಸ್ಕಂಡು ರೊಟ್ಟಿ ತಿಂದ. ಮೊದ್ಲಿಂದ್ಲೂ ಹಾಂಗೇ ಅಲ್ದಾ."

ಗಿರಿಜವ್ವ ಆಚೆ ಹೋಗಿ ಫೋನು ಹಚ್ಚಿದರು. ಒಮ್ಮೆ ಉಲ್ಲಾಸನಿಗೆ, ಒಮ್ಮೆ ರೋಹಿಣಿಗೆ, ಮತ್ತೆ ಉಲ್ಲಾಸನಿಗೆ. ಬಂದು ನನ್ನ ಪಕ್ಕ ನಿಂತು ಇಲ್ಲ ಎಂದು ತಲೆಯಾಡಿಸಿದರು. ಇಬ್ಬರದೂ ಬಂದ್ ಆಗಿತ್ತು. ಅವನ ಫೋನಿನಲ್ಲಿ ಬಿಟ್ಟರೆ ಆ ಧ್ವನಿ ನಮಗೆ ಸಿಗುವಂತೆ ಬೇರೆಲ್ಲೂ ಇರಲಿಲ್ಲ. ಪ್ರತಿ ಪಡೆಯದೆ ಅವನಿಗೇ ಬಿಟ್ಟುಕೊಟ್ಟವನು ನಾನು.

ಎಲ್ಲಿಗೆ ಹೋದರು ಎಂದು ಅಕ್ಕನನ್ನು ಕೇಳಿದೆ. ಕೇಳಲಿಲ್ಲ ಎಂದಳು. ಹೋಗುವವರನ್ನು ಎಲ್ಲಿಗೆ ಎಂದು ಕೇಳಬಾರದಲ್ಲ ಎಂದಳು. ಕಾರು ತಿರುಗಿದ್ದು ಶಿರಸಿಯ ಕಡೆಗಲ್ಲ, ಘಟ್ಟದ ಕೆಳಗಿನ ದಾರಿಗೆ ಎಂಬುದು ಮಾತ್ರ ಅವಳ ನೆನಪಿನಲ್ಲಿತ್ತು.

ಆಮೇಲೆ ನನ್ನ ಮುಖವನ್ನು ಸರಿಯಾಗಿ ನೋಡಿದಳು. ಸೆರಗು ಕೆಳಗಿಳಿಯಿತು.

"ಎಂತ ಆತೋ, ಕೆರಿಯ? ಆ ವಿಡಿಯೋದಲ್ಲಿ ನಾ ಎಂತಾರೂ ತಪ್ಪು ಹೇಳಿದ್ನಾ?"

ಭತ್ತದ ಮೇಲೆ ಅವಳ ಕಾಲಿನ ಗೆರೆ ಅರ್ಧಕ್ಕೇ ನಿಂತಿತ್ತು. ಸಾಕಿದ ಹುಡುಗಿ ನಿನ್ನನ್ನು ವಂಚಕಿ ಎಂದು ಬರೆಸಿದ್ದಾಳೆ, ಹೆತ್ತ ಮಗ ಅದರ ಕೆಳಗೆ ಹೆಸರು ಹಾಕಿಸಿಕೊಂಡಿದ್ದಾನೆ ಎಂದು ಹೇಳಲೇ? ಹೇಳದಿದ್ದರೆ ಸೋಮವಾರದೊಳಗೆ ಅವಳ ಪರವಾಗಿ ಬಾಯಿ ತೆರೆಯುವವರು ಯಾರು? ಗಿರಿಜವ್ವ ನನ್ನ ಕಡೆ ನೋಡುತ್ತಲೇ ಇದ್ದರು. ಈ ಸಲ ಅವರು ಬೇಡ ಎನ್ನಲಿಲ್ಲ, ಬೇಕು ಎನ್ನಲೂ ಇಲ್ಲ.

ಉಲ್ಲಾಸ, ರೋಹಿಣಿ ಇಬ್ಬರೂ ಒಂದೇ ಕಾರಿನಲ್ಲಿ ಕೋಲಸಿರ್ಸಿ ಬಿಟ್ಟು ಹೋದದ್ದು ಶುಕ್ರವಾರ. ತಿದ್ದುಪಡಿ ಬರುವ ಸೋಮವಾರಕ್ಕೆ ನಡುವೆ ಉಳಿದದ್ದು ಎರಡೇ ದಿನ.